ವ್ಯಾನಿಗೆ ಮುಂಗಡ ಕೊಡುವ ಮೊದಲು

“ಅಂಗಡಿ ಹೆಸರಲ್ಲೇ ತೆಗೊಳ್ಳಿ, ಟ್ಯಾಕ್ಸ್ ಎಲ್ಲ ವಾಪಸ್ ಬರ್ತದೆ.” ವ್ಯಾನು ಮಾರುವ ಕಡೆ ಈ ಮಾತು ಈಗ ಮಾಮೂಲು. ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಕೆಲವರಿಗೆ ನಿಜವಾಗಿಯೂ ವಾಪಸ್ ಬರುತ್ತದೆ. ಆದರೆ ಯಾರಿಗೆ, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಸಹಿ ಹಾಕಿದವರಿಗೆ ಕೊನೆಗೆ ಉಳಿಯುವುದು ಕಂತು ಮಾತ್ರ.

ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುವವರಿದ್ದಾರೆ. ಹೆಸರಿಗೆ ತಕ್ಕಂತೆ ನಮ್ಮವರು ಘಟ್ಟ ಹತ್ತಿ ದೂರ ದೂರದ ಊರುಗಳಲ್ಲಿ ಅಂಗಡಿ ಇಟ್ಟಿದ್ದಾರೆ. ಹಿಂದಿನ ರಾಷ್ಟ್ರೀಯ ಹೆದ್ದಾರಿ 13 ಸೊಲ್ಲಾಪುರದಿಂದ ಹೊರಟು ಹುನಗುಂದ, ಇಳಕಲ್, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ ದಾಟಿ ನಮ್ಮ ಮಂಗಳೂರಿಗೇ ಬಂದು ಮುಟ್ಟುತ್ತಿತ್ತು. ಬಾಗಲಕೋಟೆ ಜಿಲ್ಲೆಯ ಊರುಗಳಿಗೂ ಕರಾವಳಿಗೂ ನಡುವೆ ಸರಕು ಸಾಗಿಸಿದ ದಾರಿ ಅದು. ಇಂದು ಆ ಕಡೆ ವ್ಯಾಪಾರ ಮಾಡುವವರಿಗೆ ಅಂಗಡಿಯಷ್ಟೇ ಮುಖ್ಯವಾದದ್ದು ಒಂದು ಗಾಡಿ. ಆ ಗಾಡಿಯ ಮುಂಗಡಕ್ಕೆ ಮನೆಯಾಕೆಯ ಚಿನ್ನ ಅಡವಿಗೆ ಹೋಗುತ್ತದೆ, ಗಲ್ಫಿನಲ್ಲಿ ದುಡಿಯುವ ಅಣ್ಣನ ಉಳಿತಾಯ ಬರುತ್ತದೆ, ಭಾವನ ಕೈಸಾಲ ಬರುತ್ತದೆ. ಆದ್ದರಿಂದ ಇದು ಆಡಿಟರ ಕೋಣೆಯೊಳಗೆ ಮುಗಿಯುವ ವಿಷಯವಲ್ಲ, ಇಡೀ ಮನೆ ಕೂತು ಮಾತಾಡಬೇಕಾದ ವಿಷಯ.

ನಾವು ಹೇಳುವುದು ಇಷ್ಟೇ. ವ್ಯಾಪಾರಕ್ಕೆ ಬೇಕಾದರೆ ವ್ಯಾನು ಕೊಳ್ಳಿ, ತೆರಿಗೆ ಉಳಿಸಲಿಕ್ಕೆಂದು ಕೊಳ್ಳಬೇಡಿ. ಕೊಳ್ಳುವುದೇ ಆದರೆ ನೀವು ತೆರಿಗೆಯ ಯಾವ ಪದ್ಧತಿಯಲ್ಲಿದ್ದೀರಿ ಎಂದು ಮೊದಲು ತಿಳಿದುಕೊಳ್ಳಿ.

ಸೀಟಿನ ಗಾಡಿ, ಸರಕಿನ ಗಾಡಿ

ವ್ಯಾನಿನ ಜೊತೆ ಮೂರು ತೆರಿಗೆಗಳ ಸಂಬಂಧ ಇದೆ. ಕೊಳ್ಳುವಾಗ ಬಿಲ್ಲಿನಲ್ಲಿ ಬರುವ ಜಿಎಸ್‌ಟಿ ಒಂದು. ಆರ್‌ಟಿಒದಲ್ಲಿ ಕಟ್ಟುವ ರಸ್ತೆ ತೆರಿಗೆ ಇನ್ನೊಂದು. ವರ್ಷದ ಕೊನೆಗೆ ಲಾಭದ ಮೇಲೆ ಬರುವ ಆದಾಯ ತೆರಿಗೆ ಮೂರನೆಯದು. ‘ವಾಪಸ್ ಬರ್ತದೆ’ ಎನ್ನುವುದು ಜಿಎಸ್‌ಟಿಯ ಮಾತು. ರಸ್ತೆ ತೆರಿಗೆ ರಾಜ್ಯ ಸರಕಾರದ್ದು, ಅದು ಯಾರಿಗೂ ವಾಪಸ್ ಬರುವುದಿಲ್ಲ. ಡೀಸೆಲ್, ಪೆಟ್ರೋಲ್ ಜಿಎಸ್‌ಟಿಯ ಹೊರಗಿವೆ, ಹಾಗಾಗಿ ಅದರ ತೆರಿಗೆಯೂ ವಾಪಸ್ ಇಲ್ಲ.

ಜಿಎಸ್‌ಟಿಯಲ್ಲಿ ವಾಪಸ್ ಅಂದರೂ ಸರಕಾರ ನಿಮ್ಮ ಖಾತೆಗೆ ಹಣ ಹಾಕುತ್ತದೆ ಎಂದಲ್ಲ. ವ್ಯಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ನೀವು ಸರಕು ಮಾರಿ ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಇದಕ್ಕೆ ಇನ್‌ಪುಟ್ ಕ್ರೆಡಿಟ್ ಅನ್ನುತ್ತಾರೆ. ಕಟ್ಟಲಿಕ್ಕೇ ತೆರಿಗೆ ಇಲ್ಲದವನಿಗೆ ಮುರಿದುಕೊಳ್ಳಲಿಕ್ಕೂ ಇಲ್ಲ.

ಇಲ್ಲಿ ಕಾನೂನು ಮೊದಲು ನೋಡುವುದು ಗಾಡಿಯ ಬಗೆ. ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಸೀಟಿನ, ಜನ ಹೊರುವ ಗಾಡಿಗೆ ಕ್ರೆಡಿಟ್ ಇಲ್ಲ. ಅಂಥ ಗಾಡಿಗಳನ್ನೇ ಮಾರುವವರು, ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವವರು, ಡ್ರೈವಿಂಗ್ ಶಾಲೆಯವರು ಮಾತ್ರ ಇದಕ್ಕೆ ಹೊರತು. ಸರಕು ಹೊರುವ ಗಾಡಿಗೆ ಈ ತಡೆ ಇಲ್ಲ. ಮಾರುತಿ ಈಕೋ ಎರಡೂ ರೂಪದಲ್ಲಿ ಸಿಗುತ್ತದೆ. ಹಿಂದೆ ಸೀಟು ಇದ್ದದ್ದು ಜನರ ಗಾಡಿ, ಹಿಂದೆ ಖಾಲಿ ಬಿಟ್ಟ ಕಾರ್ಗೋ ಮಾದರಿ ಸರಕಿನ ಗಾಡಿ. ಹೊರಗಿಂದ ನೋಡಿದರೆ ಅಣ್ಣ ತಮ್ಮ, ತೆರಿಗೆಯ ಲೆಕ್ಕದಲ್ಲಿ ಬೇರೆ ಬೇರೆ ಜಾತಿ. ‘ನಾನು ಸೀಟು ಮಡಚಿ ಅಕ್ಕಿ ಮೂಟೆ ಹಾಕ್ತೇನೆ’ ಅಂದರೆ ನಡೆಯುವುದಿಲ್ಲ. ಆರ್‌ಸಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕಕ್ಕೆ. ಗಾಡಿಯ ವಿಮೆ, ರಿಪೇರಿಯ ಮೇಲಿನ ಜಿಎಸ್‌ಟಿಗೂ ಇದೇ ನಿಯಮ. ಸರಕಿನ ಗಾಡಿಯದ್ದು ಮುರಿದುಕೊಳ್ಳಬಹುದು, ಸೀಟಿನ ಗಾಡಿಯದ್ದು ಆಗದು.

ಒಂದು ಒಳ್ಳೆಯ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 5 ಲಕ್ಷ ರೂಪಾಯಿ ಬೆಲೆಯ ಗಾಡಿಗೆ ಮೊದಲು 1,40,000 ರೂಪಾಯಿ ತೆರಿಗೆ ಬೀಳುತ್ತಿತ್ತು, ಈಗ 90,000. ಬ್ಯಾಟರಿ ಗಾಡಿಗೆ ನೂರಕ್ಕೆ 5 ಮಾತ್ರ. ಕ್ರೆಡಿಟ್ ಸಿಗುವವರಿಗೆ ಈ ಇಳಿಕೆಯಿಂದ ಅಂಥ ವ್ಯತ್ಯಾಸ ಇಲ್ಲ. ಕ್ರೆಡಿಟ್ ಸಿಗದ ಸಣ್ಣ ವ್ಯಾಪಾರಿಗೆ ಮಾತ್ರ ನೇರವಾಗಿ 50,000 ರೂಪಾಯಿ ಉಳಿತಾಯ.

ನಾಲ್ಕು ಊರು, ನಾಲ್ಕು ಲೆಕ್ಕ

ಇದೇ 5 ಲಕ್ಷದ, 90,000 ತೆರಿಗೆಯ ವ್ಯಾನನ್ನು ಇಟ್ಟುಕೊಂಡು ನಾಲ್ಕು ಊರಿನ ನಾಲ್ಕು ವ್ಯಾಪಾರ ನೋಡೋಣ. ಇವು ಉದಾಹರಣೆಗಳು, ಯಾರೊಬ್ಬರ ಅಂಗಡಿಯ ಕತೆಯಲ್ಲ.

ಇಳಕಲ್‌ನಲ್ಲಿ ಸೀರೆ ವ್ಯಾಪಾರ ಇದೆ ಎಂದಿಟ್ಟುಕೊಳ್ಳಿ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಗಿರಾಕಿಗಳಿದ್ದಾರೆ. ಹೊರರಾಜ್ಯಕ್ಕೆ ಸರಕು ಮಾರುವವರು ಕಾಂಪೋಸಿಷನ್ ಸ್ಕೀಮಿನಲ್ಲಿ ಇರುವಂತಿಲ್ಲ, ಹಾಗಾಗಿ ಇವರು ಮಾಮೂಲಿ ಜಿಎಸ್‌ಟಿಯಲ್ಲಿ ಇದ್ದಾರೆ. ಸೀರೆಗೆ ನೂರಕ್ಕೆ 5 ತೆರಿಗೆ. ವರ್ಷಕ್ಕೆ 80 ಲಕ್ಷದ ಮಾರಾಟಕ್ಕೆ 4 ಲಕ್ಷ ತೆರಿಗೆ. 70 ಲಕ್ಷದ ಖರೀದಿಗೆ 3.5 ಲಕ್ಷ ಆಗಲೇ ಕಟ್ಟಿಯಾಗಿದೆ. ಉಳಿದದ್ದು 50,000. ವ್ಯಾನಿನ 90,000 ಕ್ರೆಡಿಟ್ ಇವರಿಗೆ ಪೂರ್ತಿ ಸಿಗುತ್ತದೆ, ಆದರೆ ಕರಗಲು ಹೆಚ್ಚುಕಡಿಮೆ ಎರಡು ವರ್ಷ ಬೇಕು. ಅಲ್ಲಿವರೆಗೆ ಅದು ಪೋರ್ಟಲಿನಲ್ಲಿ ಅಂಕಿಯಾಗಿ ಇರುತ್ತದೆ. ಮಾರುವ ಸರಕಿನ ತೆರಿಗೆ ಕಡಿಮೆ, ಕೊಂಡದ್ದರ ತೆರಿಗೆ ಜಾಸ್ತಿ ಎಂಬ ಕಾರಣಕ್ಕೆ ಕೊಡುವ ರೀಫಂಡ್ ಗಾಡಿ, ಯಂತ್ರಗಳಂಥ ಬಂಡವಾಳ ವಸ್ತುಗಳಿಗೆ ಅನ್ವಯಿಸುವುದಿಲ್ಲ. ಮೊದಲ ತಿಂಗಳ ಕಂತನ್ನು ‘ವಾಪಸ್ ಬರುವ’ ದುಡ್ಡಿನಲ್ಲಿ ಕಟ್ಟುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಹುನಗುಂದದಲ್ಲಿ ಒಂದು ಬೇಕರಿ. ಹಳ್ಳಿಗಳ ಅಂಗಡಿಗಳಿಗೆ ಬನ್, ಬಿಸ್ಕತ್ತು, ಖಾರ ಹಾಕಲು ಗಾಡಿ ಬೇಕು. ವಹಿವಾಟು 60 ಲಕ್ಷ, ಕಾಂಪೋಸಿಷನ್ ಸ್ಕೀಮು. ವಹಿವಾಟಿನ ನೂರಕ್ಕೆ 1ರಂತೆ ವರ್ಷಕ್ಕೆ 60,000 ಕಟ್ಟಿ ನಿಶ್ಚಿಂತೆ. ಈ ಸ್ಕೀಮಿನವರಿಗೆ ಯಾವ ಕ್ರೆಡಿಟ್ಟೂ ಇಲ್ಲ. 90,000 ಗಾಡಿಯ ಬೆಲೆಯೊಳಗೇ ಸೇರಿಹೋಯಿತು. ಗಾಡಿಯ ಆಸೆಗೆ ಸ್ಕೀಮು ಬಿಡಬೇಡಿ. ಬೇರೆ ಕಾರಣಕ್ಕೆ ಹೇಗೂ ಬಿಡುವವರಿದ್ದರೆ ಒಂದು ದಾರಿ ಇದೆ. ಮಾಮೂಲಿ ಜಿಎಸ್‌ಟಿಗೆ ಬಂದ ದಿನ ಗಾಡಿಯ ಬಿಲ್ಲಿಗೆ ಒಂದು ವರ್ಷ ಆಗಿರದಿದ್ದರೆ, ಪ್ರತಿ ಮೂರು ತಿಂಗಳಿಗೆ ನೂರಕ್ಕೆ 5ರಂತೆ ಕಳೆದು ಉಳಿದ ಕ್ರೆಡಿಟ್ ಪಡೆಯಬಹುದು. ಅದಕ್ಕೆ 30 ದಿನದೊಳಗೆ ಫಾರಂ ಹಾಕಬೇಕು. ಹೆದ್ದಾರಿ ಬದಿಯ ಹೋಟೆಲಿನವರಿಗೂ ಒಂದು ಮಾತು. ಗಿರಾಕಿಯಿಂದ ನೂರಕ್ಕೆ 5 ಜಿಎಸ್‌ಟಿ ತೆಗೆದುಕೊಳ್ಳುವ ಹೋಟೆಲಿಗೆ ಕ್ರೆಡಿಟ್ ಇಲ್ಲ ಎಂಬ ಷರತ್ತಿನ ಮೇಲೆಯೇ ಆ ದರ ಕೊಟ್ಟಿರುವುದು.

ಬಾಗಲಕೋಟೆ ನವನಗರದಲ್ಲಿ ಮೀನಿನ ಅಂಗಡಿ. ಮಂಗಳೂರು, ಮಲ್ಪೆಯ ಮೀನು ಐಸಿನಲ್ಲಿ ಬರುತ್ತದೆ, ಅದನ್ನು ಸುತ್ತಲಿನ ಊರಿಗೆ ಹಂಚಲು ವ್ಯಾನು. ತಾಜಾ ಮೀನಿಗೆ ಜಿಎಸ್‌ಟಿಯೇ ಇಲ್ಲ. ಬರೀ ತಾಜಾ ಮೀನು ಮಾರುವವರು ವಹಿವಾಟು ಎಷ್ಟೇ ಇರಲಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ತೆರಿಗೆ ಇಲ್ಲದ ಸರಕಿಗೆ ಬಳಸಿದ ಗಾಡಿಯ ತೆರಿಗೆ ವಾಪಸ್ ಬರುವುದಿಲ್ಲ. ಒಂದೇ ಗಾಡಿಯಲ್ಲಿ ತೆರಿಗೆ ಇರುವ ಸರಕನ್ನೂ ಇಲ್ಲದ್ದನ್ನೂ ಸಾಗಿಸುವ ನೋಂದಾಯಿತ ವ್ಯಾಪಾರಿಗೆ ಆ ಪ್ರಮಾಣದಲ್ಲಿ ಮಾತ್ರ ಕ್ರೆಡಿಟ್.

ಬಾದಾಮಿಯಲ್ಲಿ ಪ್ರವಾಸಿಗರ ಗಾಡಿ. ಗುಹೆಗಳು, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಸುತ್ತಿಸಿ ಸಂಜೆಗೆ ವಾಪಸ್. ಇದು ಸೀಟಿನ ಗಾಡಿ. ಆದರೂ ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವುದೇ ಕಸುಬಾದ್ದರಿಂದ ಮೇಲೆ ಹೇಳಿದ ತಡೆ ಇಲ್ಲ. ಆದರೆ ಗಿರಾಕಿಗೆ ನೂರಕ್ಕೆ 5 ಹಾಕಿದರೆ ಗಾಡಿಯ ಕ್ರೆಡಿಟ್ ಬಿಡಬೇಕು, ಕ್ರೆಡಿಟ್ ಬೇಕಾದರೆ 18 ಹಾಕಬೇಕು. ಕುಟುಂಬ ಸಮೇತ ಬರುವ ಪ್ರವಾಸಿಗೆ 18 ಹೇಳಿದರೆ ಪಕ್ಕದ ಗಾಡಿ ಹತ್ತುತ್ತಾನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿಯೇ ಕಡ್ಡಾಯವಲ್ಲ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ಈ ಮಿತಿ 40 ಲಕ್ಷ.

ನಾಲ್ವರಲ್ಲಿ ಪೂರ್ತಿ ಕ್ರೆಡಿಟ್ ಸಿಕ್ಕಿದ್ದು ಒಬ್ಬರಿಗೆ, ಅದೂ ಎರಡು ವರ್ಷ ಎಳೆದು. ‘ಎಲ್ಲ ವಾಪಸ್ ಬರ್ತದೆ’ ಎಂಬ ಮಾತಿನ ತೂಕ ಇಷ್ಟು.

ಇನ್ನೂ ಒಂದು ವಿಷಯ ಗಮನದಲ್ಲಿರಲಿ. ನೋಂದಣಿ ಮಾಡಿಸುವ ಮೊದಲೇ ವ್ಯಾನು ಕೊಂಡು, ವಹಿವಾಟು ಮಿತಿ ದಾಟಿತೆಂದು ಆಮೇಲೆ ನೋಂದಣಿ ಮಾಡಿಸಿದರೆ ಅಂಗಡಿಯಲ್ಲಿ ಇರುವ ಸರಕಿಗೆ ಕ್ರೆಡಿಟ್ ಸಿಗಬಹುದು, ವ್ಯಾನಿಗೆ ಸಿಗದು. ನೋಂದಣಿ ಹೇಗೂ ಆಗಬೇಕಾಗಿದ್ದರೆ ಮೊದಲು ಅದು, ಆಮೇಲೆ ಗಾಡಿ. ಬುಕ್ಕಿಂಗ್ ದಿನವೇ ಜಿಎಸ್‌ಟಿ ನಂಬರು ಕೊಟ್ಟು ಬಿಲ್ಲು ಅಂಗಡಿಯ ಹೆಸರಿಗೆ ಬರುವಂತೆ ನೋಡಿಕೊಳ್ಳಿ. ಷೋರೂಮಿನವರು ತಮ್ಮ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸಿದರೆ ಮಾತ್ರ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ. ಅದನ್ನು ಮರುತಿಂಗಳೇ ನೋಡಬೇಕು. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಕ್ರೆಡಿಟ್ ಹೋದಂತೆ. ಅರ್ಹತೆ ಇಲ್ಲದೆ ಕ್ರೆಡಿಟ್ ಬಳಸಿಕೊಂಡವರಿಗೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ, ಮೇಲೆ ದಂಡ.

ಆದಾಯ ತೆರಿಗೆಯ ಆಸೆ

‘ಸವಕಳಿ ತೋರಿಸಿ ಇನ್‌ಕಂ ಟ್ಯಾಕ್ಸ್ ಉಳಿಸಬಹುದು’ ಎನ್ನುವುದು ಎರಡನೆಯ ಆಮಿಷ. ಇದೂ ಅರ್ಧ ನಿಜ.

ಲೆಕ್ಕಪುಸ್ತಕ ಇಟ್ಟವರು ಸ್ವಂತ ವ್ಯಾಪಾರದ ಗಾಡಿಗೆ ವರ್ಷಕ್ಕೆ ನೂರಕ್ಕೆ 15, ಬಾಡಿಗೆಗೆ ಓಡಿಸುವ ಗಾಡಿಗೆ ನೂರಕ್ಕೆ 30 ಸವಕಳಿ ಕಳೆಯಬಹುದು. 5 ಲಕ್ಷದ ಗಾಡಿಗೆ ಮೊದಲ ವರ್ಷ 75,000. ಎರಡನೇ ವರ್ಷ ಉಳಿದ 4,25,000ದ ಮೇಲೆ 63,750. ಹೀಗೆ ಇಳಿಯುತ್ತ ಹೋಗುತ್ತದೆ. ಕೊಂಡ ವರ್ಷ ಗಾಡಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಸವಕಳಿಯೂ ಅರ್ಧ. ಅಂದರೆ ಅಕ್ಟೋಬರ್ ಮೊದಲ ವಾರ ದಾಟಿ ರಸ್ತೆಗೆ ಇಳಿದ ಗಾಡಿಗೆ ಆ ವರ್ಷ 37,500 ಮಾತ್ರ. ಮಾರ್ಚ್ ಕೊನೆಗೆ ‘ಟ್ಯಾಕ್ಸ್ ಉಳಿಸಲು’ ಓಡಿಹೋಗಿ ಗಾಡಿ ತರುವವರಿಗೆ ಈ ಅರ್ಧದ ಲೆಕ್ಕ ನೆನಪಿರಲಿ. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡವರು ಅದೇ 90,000ದ ಮೇಲೆ ಸವಕಳಿಯನ್ನೂ ತೋರಿಸುವಂತಿಲ್ಲ. ಎರಡರಲ್ಲಿ ಒಂದು.

ಆದರೆ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಅನೇಕರು ಲೆಕ್ಕಪುಸ್ತಕ ಇಡುವುದಿಲ್ಲ, ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಾರೆ. ವಹಿವಾಟು 2 ಕೋಟಿಯೊಳಗೆ ಇದ್ದರೆ, ನಗದು ವಸೂಲಿ ನೂರಕ್ಕೆ 5 ಮೀರದಿದ್ದರೆ 3 ಕೋಟಿಯೊಳಗೆ, ಈ ಪದ್ಧತಿ ಉಂಟು. ನಗದು ಮಾರಾಟದ ನೂರಕ್ಕೆ 8, ಬ್ಯಾಂಕು ಮತ್ತು ಯುಪಿಐ ಮೂಲಕ ಬಂದದ್ದರ ನೂರಕ್ಕೆ 6 ಲಾಭ ಎಂದು ತೋರಿಸಿದರೆ ಸಾಕು. ಗಾಡಿಯ ಸವಕಳಿ, ಸಾಲದ ಬಡ್ಡಿ, ಡೀಸೆಲ್ ಖರ್ಚು ಎಲ್ಲ ಆ ಅಂದಾಜಿನಲ್ಲೇ ಸೇರಿದೆ ಎಂದು ಕಾನೂನು ಭಾವಿಸುತ್ತದೆ. ಬೇರೆಯಾಗಿ ಕಳೆಯುವಂತಿಲ್ಲ. ಅಂದರೆ ವ್ಯಾನು ಕೊಂಡರೂ ಅಷ್ಟೇ ತೆರಿಗೆ, ಬಿಟ್ಟರೂ ಅಷ್ಟೇ ತೆರಿಗೆ. ಒಂದು ವರ್ಷ ಸವಕಳಿಗಾಗಿ ಈ ಪದ್ಧತಿ ಬಿಟ್ಟರೆ ಮತ್ತೆ ಐದು ವರ್ಷ ಒಳಗೆ ಬರುವಂತಿಲ್ಲ.

ಹುನಗುಂದದ ಅದೇ ಬೇಕರಿ ನೋಡಿ. 60 ಲಕ್ಷದಲ್ಲಿ ಅರ್ಧ ನಗದು, ಅರ್ಧ ಯುಪಿಐ. ಲಾಭ 2.4 ಲಕ್ಷ ಮತ್ತು 1.8 ಲಕ್ಷ, ಒಟ್ಟು 4.2 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಇಲ್ಲದ ತೆರಿಗೆಯನ್ನು ಉಳಿಸಲು ಆರು ಲಕ್ಷದ ಗಾಡಿ ಯಾಕೆ? ಪಾಲುದಾರಿಕೆ ಸಂಸ್ಥೆಯ ಮಾತು ಬೇರೆ. ಅದಕ್ಕೆ ರಿಯಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ನೂರಕ್ಕೆ 30 ತೆರಿಗೆ, ಅದರ ಮೇಲೆ ನೂರಕ್ಕೆ 4 ಸೆಸ್. ಲೆಕ್ಕಪುಸ್ತಕ ಇಟ್ಟ ಸಂಸ್ಥೆಗೆ 75,000 ಸವಕಳಿಯಿಂದ 23,400 ರೂಪಾಯಿ ಉಳಿಯುತ್ತದೆ. ಆದರೆ ಆ 23,400ಕ್ಕಾಗಿ ಕೈಯಿಂದ ಹೋದದ್ದು 5 ಲಕ್ಷ ಎಂಬುದು ಮರೆಯಬಾರದು.

ಗಲ್ಫಿನಲ್ಲಿ ಇರುವ ಅಣ್ಣನ ಹೆಸರಲ್ಲಿ ಅಂಗಡಿ ಮಾಡಿ ತಮ್ಮ ನಡೆಸುವುದು ನಮ್ಮಲ್ಲಿ ಹೊಸತಲ್ಲ. 12 ಲಕ್ಷದ ರಿಯಾಯಿತಿಯೂ ಅಂದಾಜು ಲಾಭದ ಪದ್ಧತಿಯೂ ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಐ ಆದ ಅಣ್ಣನಿಗೆ ಎರಡೂ ಇಲ್ಲ. ವ್ಯಾನನ್ನೂ ಅವರ ಹೆಸರಿಗೇ ಕೊಳ್ಳುವ ಮೊದಲು ಅಂಗಡಿ ಯಾರ ಹೆಸರಲ್ಲಿ ಇರಬೇಕು ಎಂಬುದನ್ನೇ ಮತ್ತೊಮ್ಮೆ ಯೋಚಿಸಿ.

ಸ್ವಂತ ಸರಕಿಗಲ್ಲದೆ ಪರರ ಸರಕನ್ನು ಬಾಡಿಗೆಗೆ ಸಾಗಿಸುವವರಿಗೆ ಬೇರೆ ಲೆಕ್ಕ ಇದೆ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಸಣ್ಣ ಸರಕು ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಲಾಭ ಎಂದು ತೋರಿಸಬಹುದು. ವರ್ಷಕ್ಕೆ 90,000. ಕಂತು ಮುಗಿಯದಿದ್ದರೂ ಗಾಡಿ ನಿಮ್ಮದೇ ಎಂದು ಲೆಕ್ಕ. ಗಾಡಿ ಮನೆ ಮುಂದೆ ನಿಂತಿದ್ದ ತಿಂಗಳಿಗೂ ಲೆಕ್ಕ ಬೀಳುತ್ತದೆ.

2026ರ ಏಪ್ರಿಲ್ 1ರಿಂದ 1961ರ ಹಳೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಕಲಮುಗಳ ನಂಬರು ಬದಲಾಗುತ್ತದೆ. ಹಳೆ ನಂಬರು ಹೇಳಿ ಹೆದರಿಸುವವರನ್ನೂ ಆಸೆ ತೋರಿಸುವವರನ್ನೂ ‘ಹೊಸ ಕಾಯ್ದೆಯಲ್ಲಿ ಎಲ್ಲಿದೆ?’ ಎಂದು ಕೇಳಿ.

ನಗದು, ಕೈಸಾಲ

ನಮ್ಮ ಮನೆಗಳಲ್ಲಿ ಎಡವುವುದು ಇಲ್ಲಿ. ಬಡ್ಡಿಯ ಸಾಲ ಬೇಡವೆಂದು ಅನೇಕರು ಬಂಧುಗಳಿಂದ ಬಡ್ಡಿಯಿಲ್ಲದ ಕೈಸಾಲ ಪಡೆಯುತ್ತಾರೆ. ಒಳ್ಳೆಯ ಮನಸ್ಸಿನ, ನಂಬಿಕೆಯ ವ್ಯವಹಾರ ಅದು. ಆದರೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದು ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಪಡೆದರೆ ದಂಡ ಸಾಲದಷ್ಟೇ ಇರಬಹುದು. ಭಾವ ಕೊಟ್ಟ 2 ಲಕ್ಷಕ್ಕೆ 2 ಲಕ್ಷ ದಂಡ! ತೀರಿಸುವಾಗಲೂ ನಗದು ಆಗದು. ಪರಿಹಾರ ಸುಲಭ. ಅದೇ ಕೈಸಾಲ ಬ್ಯಾಂಕಿನ ಖಾತೆಯಿಂದ ಖಾತೆಗೆ ಬರಲಿ, ಒಂದು ಹಾಳೆಯಲ್ಲಿ ಇಬ್ಬರ ಸಹಿ ಇರಲಿ. ಸಂಬಂಧಕ್ಕೂ ಅದು ಕ್ಷೇಮ.

ಷೋರೂಮಿಗೆ ಕೊಡುವ ಹಣವೂ ಹಾಗೆಯೇ. ಒಂದು ದಿನ 10,000 ದಾಟಿ ನಗದು ಕೊಟ್ಟರೆ ಆ ಮೊತ್ತವನ್ನು ಗಾಡಿಯ ಬೆಲೆಯಲ್ಲಿ ಸೇರಿಸುವಂತಿಲ್ಲ, ಅದಕ್ಕೆ ಸವಕಳಿಯೂ ಇಲ್ಲ. 2 ಲಕ್ಷ ಅಥವಾ ಮೇಲ್ಪಟ್ಟ ನಗದನ್ನು ಪಡೆಯುವುದೇ ಮಾರುವವರಿಗೆ ನಿಷಿದ್ಧ. ಚಿನ್ನ ಅಡವಿಟ್ಟ ದುಡ್ಡಾದರೂ ಮೊದಲು ಬ್ಯಾಂಕಿಗೆ ಹಾಕಿ, ಅಲ್ಲಿಂದ ಕೊಡಿ. ಗಾಡಿಯ ಬೆಲೆ 10 ಲಕ್ಷ ದಾಟಿದರೆ ಮಾರುವವರು ನೂರಕ್ಕೆ 1ರಂತೆ ಟಿಸಿಎಸ್ ಹಿಡಿಯುತ್ತಾರೆ. ಅದು ನಿಮ್ಮ ಹೆಸರಿಗೆ ಜಮೆಯಾದ ಆದಾಯ ತೆರಿಗೆ. ರಿಟರ್ನ್ ಹಾಕಿದರೆ ಸಿಗುತ್ತದೆ, ಹಾಕದವರ ದುಡ್ಡು ಅಲ್ಲೇ ಉಳಿಯುತ್ತದೆ.

ಗಾಡಿ ಯಾರದ್ದು?

ಅಣ್ಣ ತಮ್ಮ ಸೇರಿ, ಮಾವ ಅಳಿಯ ಸೇರಿ ಅಂಗಡಿ ನಡೆಸುತ್ತಾರೆ. ಬಿಲ್ಲು ಅಂಗಡಿಯ ಹೆಸರಿಗೆ, ಆರ್‌ಸಿ ಅಣ್ಣನ ಹೆಸರಿಗೆ, ಕಂತು ತಮ್ಮನ ಖಾತೆಯಿಂದ. ನಗುನಗುತ್ತ ಇರುವಷ್ಟು ದಿನ ಎಲ್ಲ ಸರಿ. ಇಲಾಖೆ ಕಾಗದ ಕೇಳಿದ ದಿನ, ಇಲ್ಲವೇ ಮನೆಯಲ್ಲಿ ಪಾಲು ಕೇಳಿದ ದಿನ, ಗಾಡಿ ಯಾರದ್ದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಒಬ್ಬರದ್ದೇ ಅಂಗಡಿಯಾದರೆ ಮಾಲಕರ ಹೆಸರಿಗೆ ಆರ್‌ಸಿ, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರು. ಪಾಲುದಾರಿಕೆಯಾದರೆ ಬಿಲ್ಲು, ಆರ್‌ಸಿ, ಸಾಲ, ವಿಮೆ ನಾಲ್ಕೂ ಸಂಸ್ಥೆಯ ಹೆಸರಿಗೇ ಇರಲಿ.

ಊರಲ್ಲಿ ಕೊಂಡು ಘಟ್ಟಕ್ಕೆ ಒಯ್ಯುವವರೂ ಇದ್ದಾರೆ. ಮಂಗಳೂರಿನ ಕೆಎ-19 ಗಾಡಿ ಬಾಗಲಕೋಟೆಯ ಕೆಎ-29ರ ಊರಲ್ಲಿ ಕಾಯಂ ಉಳಿದರೆ ಎರಡನೇ ಸಲ ರಸ್ತೆ ತೆರಿಗೆ ಬೀಳುವುದಿಲ್ಲ, ರಾಜ್ಯ ಒಂದೇ. ಆದರೆ ಮಾಲಕರ ವಿಳಾಸ ಬದಲಾದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅಂಗಡಿ ಇರುವ ಊರು ಜಿಎಸ್‌ಟಿ ನೋಂದಣಿಯಲ್ಲೂ ಇರಲಿ. ಒಂದು ಬಿಲ್ಲಿನ ಸರಕು 50,000 ರೂಪಾಯಿ ದಾಟಿದರೆ ಗಾಡಿ ನಿಮ್ಮದೇ ಆದರೂ ಇ-ವೇ ಬಿಲ್ಲು ಬೇಕಾಗುತ್ತದೆ.

ಪೆರ್ನಾಲ್‌ಗೆ ಊರಿಗೆ, ಮದುವೆಗೆ, ಆಸ್ಪತ್ರೆಗೆ ಅಂಗಡಿಯ ಗಾಡಿಯೇ ಹೋಗುವುದು ಸಹಜ. ಆ ಸ್ವಂತ ಬಳಕೆಯ ಪಾಲಿಗೆ ಕ್ರೆಡಿಟ್ಟೂ ಇಲ್ಲ, ಸವಕಳಿಯೂ ಇಲ್ಲ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ತೆರಿಗೆ ಉಳಿಯುತ್ತದೆಂದು ಸರಕಿನ ಗಾಡಿ ಕೊಂಡು, ಹಿಂದೆ ಚಾಪೆ ಹಾಸಿ ಹೆಂಡತಿ ಮಕ್ಕಳನ್ನು ಕೂರಿಸಬೇಡಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. 90,000 ರೂಪಾಯಿ ತೆರಿಗೆಗಾಗಿ ಆ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಬೇಡ.

ಮಾರುವ ದಿನವೂ ಲೆಕ್ಕ ಇದೆ. ಇಳಕಲ್‌ನ ಸೀರೆ ವ್ಯಾಪಾರಿ 90,000 ಕ್ರೆಡಿಟ್ ಪಡೆದು ಎರಡು ವರ್ಷಕ್ಕೆ ಗಾಡಿಯನ್ನು 3.5 ಲಕ್ಷಕ್ಕೆ ಮಾರಿದರೆಂದುಕೊಳ್ಳಿ. ಮೂರು ತಿಂಗಳಿಗೆ ನೂರಕ್ಕೆ 5ರಂತೆ ಕಳೆದರೆ ಉಳಿದ ಕ್ರೆಡಿಟ್ 54,000. ಮಾರಿದ ಬೆಲೆಯ ಮೇಲಿನ ತೆರಿಗೆ 63,000. ಎರಡರಲ್ಲಿ ದೊಡ್ಡದನ್ನು, ಅಂದರೆ 63,000 ಕಟ್ಟಬೇಕು. ಗಾಡಿಯ ಬೆಲೆ ಹೇಳುವಾಗಲೇ ಇದನ್ನು ಸೇರಿಸಿ ಹೇಳದಿದ್ದರೆ ಕೈಯಿಂದ ಹೋಯಿತು. ಹಳೆ ಗಾಡಿ ಕೊಳ್ಳುವವರ ದಾರಿ ಸರಳ. ನೋಂದಣಿ ಇಲ್ಲದ ಖಾಸಗಿಯವರಿಂದ ಕೊಂಡರೆ ಜಿಎಸ್‌ಟಿಯೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಆರ್‌ಸಿ ಮಾತ್ರ ತಡಮಾಡದೆ ವರ್ಗಾಯಿಸಿಕೊಳ್ಳಿ.

ಮನೆಯಲ್ಲೊಂದು ಫೈಲು

2025ರ ಜುಲೈ ನೆನಪಿರಬಹುದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿಯವರು, ಚಹಾ ಅಂಗಡಿಯವರು, ತರಕಾರಿ ಮಾರುವವರು ಬೆಚ್ಚಿಬಿದ್ದರು. ಕೆಲವು ಅಂಗಡಿಗಳು ಯುಪಿಐ ಫಲಕವನ್ನೇ ತೆಗೆದವು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ತೆರಿಗೆಯೇ ಇಲ್ಲದ ಸರಕು ಮಾರುವವರೂ ಅಂದು ಹೆದರಿದ್ದು ತಪ್ಪು ಮಾಡಿದ್ದಕ್ಕಲ್ಲ, ತೋರಿಸಲು ಕೈಯಲ್ಲಿ ಕಾಗದ ಇಲ್ಲದ್ದಕ್ಕೆ. ಹತ್ತು ರೂಪಾಯಿಯ ಚಹಾದ ಯುಪಿಐಯೇ ಲೆಕ್ಕಕ್ಕೆ ಸಿಕ್ಕಿದ ಮೇಲೆ, ಆರ್‌ಸಿ, ಬ್ಯಾಂಕ್ ಸಾಲ, ವಿಮೆಯಲ್ಲೆಲ್ಲ ಹೆಸರು ದಾಖಲಾದ ಗಾಡಿ ಸಿಗದೆ ಇರುತ್ತದೆಯೇ?

ಅದಕ್ಕೇ ನಮ್ಮ ಕೋರಿಕೆ. ವ್ಯಾನು ಕೊಳ್ಳುವ ಮನೆಯಲ್ಲಿ ಒಂದು ಫೈಲು ಇರಲಿ. ತೆರಿಗೆ ಬಿಲ್ಲು, ಆರ್‌ಸಿ ಪ್ರತಿ, ವಿಮೆ, ಬ್ಯಾಂಕಿನಿಂದ ಹಣ ಹೋದ ಚೀಟಿ, ಕೈಸಾಲದ ಹಾಳೆ, ರಿಪೇರಿ ಬಿಲ್ಲು, ಇಷ್ಟು ಅದರಲ್ಲಿರಲಿ. ಗಂಡಸರು ಅಂಗಡಿಯಲ್ಲಿ ಇರುತ್ತಾರೆ, ಫೈಲಿನ ಜವಾಬ್ದಾರಿಯನ್ನು ಮನೆಯ ಹೆಣ್ಣುಮಕ್ಕಳಿಗೆ ಕೊಡಿ. ಅಡವಿಗೆ ಹೋದದ್ದು ಅವರ ಚಿನ್ನವಾದರೆ ಲೆಕ್ಕ ಕೇಳುವ ಹಕ್ಕೂ ಅವರದ್ದೇ. ಬಿ.ಕಾಂ. ಓದಿದ ಮಗಳು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಜಿಎಸ್‌ಟಿಆರ್-2ಬಿ ನೋಡುವುದು ಅವಳಿಗೆ ಕಷ್ಟದ ಕೆಲಸವಲ್ಲ.

ಜಮಾಅತ್ ಕಮಿಟಿಗಳು ರಕ್ತದಾನ, ಪುಸ್ತಕ ವಿತರಣೆ ಮಾಡುತ್ತ ಬಂದಿವೆ. ಅದರ ಜೊತೆಗೆ ವರ್ಷಕ್ಕೊಂದು ಸಂಜೆ ಊರಿನ ಆಡಿಟರನ್ನು ಕರೆಸಿ ಸಣ್ಣ ವ್ಯಾಪಾರಿಗಳ ಪ್ರಶ್ನೆಗೆ ಉತ್ತರ ಕೊಡಿಸಲಿ. ಘಟ್ಟದ ಮೇಲಿನ ನಮ್ಮವರು ಅಲ್ಲಿನ ವ್ಯಾಪಾರಿಗಳ ಜೊತೆ ಸೇರಿ ಇದನ್ನೇ ಮಾಡಬಹುದು. ಇಳಕಲ್‌ನ ನೇಕಾರನಿಗೂ ನಮ್ಮ ಬೇಕರಿಯವನಿಗೂ ಪ್ರಶ್ನೆ ಒಂದೇ.

ಆಡಿಟರ ಬಳಿ ಹೋದಾಗ ‘ಗಾಡಿ ಕೊಂಡಿದ್ದೇನೆ, ಏನು ಸಿಗ್ತದೆ?’ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲು ಕೇಳಿ. ಯಾವ ಮಾದರಿ, ಯಾರ ಹೆಸರು, ಯಾವ ತಿಂಗಳು, ಹಣ ಯಾವ ದಾರಿಯಲ್ಲಿ ಎಂಬುದನ್ನು ಬದಲಿಸಲು ಆಗ ಸಮಯ ಇರುತ್ತದೆ. ಬಿಲ್ಲು ಆದ ಮೇಲೆ ಆಡಿಟರೂ ಏನು ಮಾಡುವಂತಿಲ್ಲ.